ಹಾಸ್ಟೆಲ್, ಏಜೆಂಟ್, ಮುಂಗಡ: ನಮ್ಮ ಘಟಕದಲ್ಲಿ ಜೀತ ಇಲ್ಲ ಅಂತ ಬರೆದುಕೊಡಬಹುದಾ?

ಪ್ರಶ್ನೆ (ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್ ಘಟಕದ ಎಚ್.ಆರ್.): ನಮಸ್ಕಾರ ಮೇಡಂ. ನಮ್ಮದು ಸುಮಾರು ನಾನೂರು ಜನರ ಹೊಲಿಗೆ ಘಟಕ. ಮಾಲು ಬ್ರಿಟನ್ನಿಗೆ ಹೋಗುತ್ತದೆ. ಅಲ್ಲಿನ ಬೈಯರ್ 'ಆಧುನಿಕ ಗುಲಾಮಗಿರಿ ತಡೆ' ಅಂತ ಉದ್ದನೆಯ ಪ್ರಶ್ನಾವಳಿ ಕಳಿಸಿದ್ದಾರೆ. ನಮ್ಮಲ್ಲಿ ಯಾರನ್ನೂ ಕೂಡಿಹಾಕಿ ದುಡಿಸುತ್ತಿಲ್ಲ. ಸಂಬಳ ಬ್ಯಾಂಕಿಗೇ ಹೋಗುತ್ತದೆ, ಪಿ.ಎಫ್., ಇ.ಎಸ್.ಐ. ಎಲ್ಲ ಇದೆ. ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕಿ ಕಳಿಸಿದರೆ ಸಾಕಲ್ವಾ? ಸುಮಾರು ನೂರು ಹುಡುಗಿಯರು ಒಡಿಶಾ, ಜಾರ್ಖಂಡ್ ಕಡೆಯವರು. ಏಜೆಂಟ್ ಮೂಲಕ ಬಂದು ನಮ್ಮ ಹಾಸ್ಟೆಲ್‌ನಲ್ಲಿದ್ದಾರೆ.

ಉತ್ತರ (ಕಾರ್ಮಿಕ ಕಾನೂನು ಸಲಹೆಗಾರರು): ಟಿಕ್ ಹಾಕುವ ಮುಂಚೆ ಒಂದು ಸಂಜೆ ಹಾಸ್ಟೆಲ್‌ಗೆ ಹೋಗಿ ಬನ್ನಿ. ನಿಮ್ಮ ಪ್ರಶ್ನೆಯ ಕೊನೇ ಎರಡು ವಾಕ್ಯದಲ್ಲೇ ನೋಡಬೇಕಾದ್ದೆಲ್ಲ ಇದೆ.

ಬೈಯರ್ ಯಾಕೆ ಕೇಳುತ್ತಿದ್ದಾರೆ ಅಂತ ಮೊದಲು ಹೇಳುತ್ತೇನೆ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟು ಇರುವ ಕಂಪನಿ ಪ್ರತಿ ವರ್ಷ ಒಂದು ಹೇಳಿಕೆ ಹೊರಡಿಸಬೇಕು. ತನ್ನಲ್ಲಿ ಮತ್ತು ತನಗೆ ಮಾಲು ಕೊಡುವವರಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದೆ ಅಂತ ಅದರಲ್ಲಿ ಹೇಳಬೇಕು. ಅದಕ್ಕೆ ಬೋರ್ಡ್ ಒಪ್ಪಿಗೆ, ಡೈರೆಕ್ಟರ್ ಸಹಿ ಬೇಕು. ಆ ಕಾಯ್ದೆ ನೇರವಾಗಿ ನಿಮಗೆ ಅನ್ವಯಿಸದೇ ಇರಬಹುದು. ಆದರೆ ನಮ್ಮ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನಿಮಗೆ ಖಂಡಿತ ಅನ್ವಯಿಸುತ್ತದೆ, ಬೈಯರ್ ಕೇಳಲಿ ಬಿಡಲಿ.

ಹಾಸ್ಟೆಲ್‌ನಲ್ಲಿ ಒಂದೇ ಪ್ರಶ್ನೆ ಮನಸ್ಸಲ್ಲಿಟ್ಟುಕೊಂಡು ನೋಡಿ: ಇಲ್ಲಿರುವ ಹುಡುಗಿ ನಾಳೆ ಬೆಳಿಗ್ಗೆ ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆ ಅಂದರೆ ಹೋಗಬಹುದಾ? ತಡೆಯುವುದು ಏನು? ಬೀಗ ಹಾಕಿದ ಗೇಟೇ ಆಗಬೇಕಿಲ್ಲ. ನಾನು ಪರಿಶೀಲನೆಗೆ ಹೋದ ಒಂದು ಹಾಸ್ಟೆಲ್‌ನಲ್ಲಿ ವಾರ್ಡನ್ ರೂಮಿನ ಬೀರುವಿನೊಳಗೆ ಆಧಾರ್ ಕಾರ್ಡ್‌ಗಳ ಕಂತೆ ಇತ್ತು, ರಬ್ಬರ್ ಬ್ಯಾಂಡ್ ಹಾಕಿ. 'ಕಳ್ಕೊಂಡುಬಿಡ್ತಾರೆ ಮೇಡಂ, ಅದಕ್ಕೇ ಇಟ್ಕೊಂಡಿದೀವಿ' ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಗುರುತಿನ ಚೀಟಿ ಇಟ್ಟುಕೊಳ್ಳುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳುವ ಬಲವಂತದ ದುಡಿಮೆಯ 11 ಲಕ್ಷಣಗಳಲ್ಲಿ ಒಂದು. ಸಂಬಳ ಹಿಡಿದಿಡುವುದು, ಓಡಾಟಕ್ಕೆ ತಡೆ, ಸಾಲದ ಕಟ್ಟು, ಮಿತಿಮೀರಿದ ಓ.ಟಿ. ಕೂಡ ಅದೇ ಪಟ್ಟಿಯಲ್ಲಿವೆ. ಒಂದು ಲಕ್ಷಣ ಕಂಡ ತಕ್ಷಣ ಜೀತ ಅಂತ ತೀರ್ಮಾನಿಸಬೇಡಿ. ಎರಡು ಮೂರು ಒಟ್ಟಿಗೆ ಕಂಡರೆ ಮಾತ್ರ ಸುಮ್ನೆ ಬಿಡಬೇಡಿ.

ಆಮೇಲೆ ಸಂಬಳ ಚೀಟಿ. 'ಇತರೆ ಕಡಿತ' ಅಂತ ಒಂದು ಸಾಲು ಇದ್ದರೆ, ಅದರೊಳಗೆ ಏನೇನಿದೆ ಅಂತ ಬಿಡಿಸಿ ನೋಡಿ. ಊಟ, ಹಾಸ್ಟೆಲ್ ಬಾಡಿಗೆ ಹೆಸರಲ್ಲಿ ಏಜೆಂಟ್ ಕಮಿಷನ್ ಕೂಡ ಅಲ್ಲೇ ಅಡಗಿರುತ್ತದೆ. ಕೆಲವು ಕಡೆ ಅದು ಚೀಟಿಗೇ ಬರುವುದಿಲ್ಲ. ಊರಲ್ಲಿ ಅಪ್ಪ ಸಾಲ ಮಾಡಿ ಏಜೆಂಟ್‌ಗೆ ಕೊಟ್ಟಿರುತ್ತಾರೆ. ಮಗಳು ಇಲ್ಲಿ ಆ ಸಾಲಕ್ಕೆ ದುಡಿಯುತ್ತಿರುತ್ತಾಳೆ. ನಿಮ್ಮ ಲೆಕ್ಕದ ಪುಸ್ತಕ ಮಾತ್ರ ಶುದ್ಧವಾಗಿರುತ್ತದೆ.

ಮಧ್ಯೆ ಒಬ್ಬ ಸದಸ್ಯರು (ಸಣ್ಣ ಕಾರ್ಖಾನೆ ಮಾಲೀಕರು): ಮೇಡಂ, ಮುಂಗಡ ಕೊಡುವುದೇ ತಪ್ಪು ಅನ್ನೋ ಹಾಗೆ ಹೇಳ್ತೀರಲ್ಲ. ಮಗಳ ಮದುವೆ, ಸ್ಕೂಲ್ ಫೀಸು ಅಂತ ಅವರೇ ಬಂದು ಕೇಳ್ತಾರೆ. ಕೊಡದಿದ್ದರೆ ಬಡ್ಡಿಯವರ ಹತ್ರ ಹೋಗ್ತಾರೆ.

ಉತ್ತರ: ಕೊಡಿ ಸಾರ್, ಮುಂಗಡ ತಪ್ಪಲ್ಲ. ಲೆಕ್ಕ ಬರೆದು, ಕಂತು ಎಷ್ಟು ಅಂತ ಹೇಳಿ, ಕಾನೂನು ಒಪ್ಪುವಷ್ಟೇ ಹಿಡಿಯಿರಿ. ಸಾಲ ತೀರುವ ತನಕ ಬೇರೆ ಕಡೆ ಹೋಗುವಂತಿಲ್ಲ, ಹೇಳಿದಷ್ಟು ಸಂಬಳಕ್ಕೇ ದುಡಿಯಬೇಕು ಅಂದಾಗ ಅದು ಜೀತ ಆಗುತ್ತದೆ. ಅಂಥ ಸಾಲ 1976ರ ಕಾಯ್ದೆಯಲ್ಲಿ ರದ್ದು, ಮರಳಿ ಕೇಳುವ ಹಕ್ಕೇ ಇಲ್ಲ. ಇದು ಜೀತದ ಸಾಲ ಅಂತ ಕಾರ್ಮಿಕ ಹೇಳಿದರೆ, ಅಲ್ಲ ಅಂತ ಸಾಬೀತು ಮಾಡಬೇಕಾದವರು ಸಾಲ ಕೊಟ್ಟವರು. ಇನ್ನೊಂದು ಮಾತು ತುಂಬಾ ಜನಕ್ಕೆ ಗೊತ್ತಿಲ್ಲ. ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ. ಹೊಟ್ಟೆಪಾಡಿಗೆ ಒಪ್ಪಿಕೊಂಡು ಬಂದ ಅಂದ ಮಾತ್ರಕ್ಕೆ ಅದು ಸ್ವಂತ ಇಚ್ಛೆ ಆಗುವುದಿಲ್ಲ.

ಕೇಳಿದವರು: ಹಾಸ್ಟೆಲ್ ವಿಷಯ ಅರ್ಥವಾಯಿತು. ಆದರೆ ಪ್ರಶ್ನಾವಳಿಯಲ್ಲಿ ನೂಲು ಎಲ್ಲಿಂದ, ಹೊಸ ಶೆಡ್ಡಿಗೆ ಇಟ್ಟಿಗೆ ಎಲ್ಲಿಂದ ಅಂತ ಕೂಡ ಇದೆ. ಅಷ್ಟು ದೂರ ನಾವು ಹೇಗೆ ನೋಡುವುದು?

ಉತ್ತರ: ಎಲ್ಲ ಕಡೆ ಒಂದೇ ಸಲ ಹೋಗಲು ಆಗುವುದಿಲ್ಲ. ಅಪಾಯ ಎಲ್ಲಿ ಜಾಸ್ತಿ ಇದೆಯೋ ಅಲ್ಲಿಂದ ಶುರು ಮಾಡಿ. ಇಟ್ಟಿಗೆ ಗೂಡು ಅಂಥ ಜಾಗ. ಒಡಿಶಾದ ಬಲಾಂಗೀರ್, ನುವಾಪಡಾ ಜಿಲ್ಲೆಗಳಿಂದ ಎಷ್ಟೋ ಕುಟುಂಬಗಳು ಮುಂಗಡ ತೆಗೆದುಕೊಂಡು ದಕ್ಷಿಣದ ಗೂಡುಗಳಿಗೆ ಬರುತ್ತವೆ. ಸಾವಿರ ಇಟ್ಟಿಗೆಗೆ ಇಷ್ಟು ಅಂತ ಲೆಕ್ಕ. ಹಾಗಾಗಿ ಗಂಡ, ಹೆಂಡತಿ, ಮಕ್ಕಳು ಎಲ್ಲ ಸೇರಿ ಮಣ್ಣು ತುಳಿಯುತ್ತಾರೆ, ಸಂಬಳ ಮಾತ್ರ ಒಬ್ಬರ ಹೆಸರಲ್ಲಿ. ವಾರಕ್ಕೊಮ್ಮೆ ಖರ್ಚಿಗೆ ಅಂತ ಸ್ವಲ್ಪ ಕೊಟ್ಟು, ಸೀಸನ್ ಮುಗಿದ ಮೇಲೆ ಲೆಕ್ಕ ಮಾಡುತ್ತಾರೆ. ಅಲ್ಲಿಯವರೆಗೆ ಹೋಗುವ ದಾರಿ ಇಲ್ಲ. ಶೆಡ್ಡಿನ ಗುತ್ತಿಗೆದಾರನಿಗೆ ಯಾವ ಗೂಡಿಂದ ತರುತ್ತೀರಿ ಅಂತ ಕೇಳಿ. ಒಂದು ಸಲ ನೀವೇ ಹೋಗಿ ನೋಡಿ. ಬೆಳಿಗ್ಗೆ ಹತ್ತು ಗಂಟೆಗೆ ಮಕ್ಕಳು ಎಲ್ಲಿದ್ದಾರೆ ಅಂತ ಕಣ್ಣಿಗೆ ಬಿದ್ದರೆ ಅರ್ಧ ಉತ್ತರ ಸಿಕ್ಕಿತು.

ನೂಲಿನ ಮಾತಿಗೆ ಬಂದರೆ, ತಮಿಳುನಾಡಿನ ಕೆಲವು ಮಿಲ್ಲುಗಳಲ್ಲಿ 'ಸುಮಂಗಲಿ' ಯೋಜನೆ ಅಂತ ಇತ್ತು. ಹದಿಹರೆಯದ ಹುಡುಗಿಯರಿಗೆ ಮೂರು ವರ್ಷ ದುಡಿದರೆ ಮದುವೆಗೆ ಇಡುಗಂಟು ಕೊಡುವ ಭರವಸೆ. ಮಧ್ಯೆ ಬಿಟ್ಟರೆ ಆ ದುಡ್ಡು ಹೋಯಿತು. ನಿಮ್ಮ ನೂಲಿನ ಮಿಲ್ ಸಂಬಳವನ್ನು ತಿಂಗಳು ತಿಂಗಳು ಪೂರ್ತಿ ಕೊಡುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ.

ಒಂದು ಮಾತು ಬೈಯರ್‌ಗೂ ಬರೆಯಿರಿ. ರೇಟು ಇಳಿಸಿ, ಕೊನೇ ವಾರದಲ್ಲಿ ಡಿಸೈನ್ ಬದಲಿಸಿ, ಡೆಲಿವರಿ ತಾರೀಕು ಮಾತ್ರ ಹಾಗೇ ಇಟ್ಟರೆ ಆ ಹೊರೆ ಬೀಳುವುದು ರಾತ್ರಿ ಪಾಳಿಯ ಹುಡುಗಿಯರ ಮೇಲೆ. ಇದನ್ನು ಹೇಳಲು ಹೆದರಬೇಡಿ. ಪ್ರಶ್ನಾವಳಿ ಅವರು ಕಳಿಸಿದ್ದಾರೆ ಅಂದಮೇಲೆ ಉತ್ತರ ಕೇಳಿಸಿಕೊಳ್ಳುವುದೂ ಅವರ ಕೆಲಸ.

ಇನ್ನೊಬ್ಬ ಸದಸ್ಯರು: ಗೂಡಿನಲ್ಲಿ ನಿಜವಾಗಿ ಜೀತ ಕಂಡರೆ ಏನು ಮಾಡಬೇಕು? ಖರೀದಿ ನಿಲ್ಲಿಸಿದರೆ ಆಯಿತಾ?

ಉತ್ತರ: ನಿಲ್ಲಿಸಿ ಸುಮ್ಮನಾದರೆ ಆ ಕುಟುಂಬ ಅಲ್ಲೇ ಉಳಿಯುತ್ತದೆ. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ತಿಳಿಸಿ. ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಿ. ಗೂಡಿನವರಿಗೆ ಮೊದಲೇ ಸುಳಿವು ಕೊಡಬೇಡಿ, ರಾತ್ರೋರಾತ್ರಿ ಜನರನ್ನು ಬೇರೆ ಕಡೆ ಸಾಗಿಸಿಬಿಡುತ್ತಾರೆ. ಬಿಡುಗಡೆ ಪ್ರಮಾಣಪತ್ರ ಕೈಗೆ ಸಿಗುವುದು ಮುಖ್ಯ, ಪುನರ್ವಸತಿ ಸಹಾಯ ಕೇಳಲು ಅದು ಆಧಾರ. ಕೇಂದ್ರದ 2016ರ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಅಂತ ಇದೆ.

ಕೇಳಿದವರು: ನಿನ್ನೆ ಹಾಸ್ಟೆಲ್‌ಗೆ ಹೋಗಿದ್ದೆ ಮೇಡಂ. ಕಾರ್ಡ್‌ಗಳನ್ನು ವಾಪಸ್ ಕೊಡಿಸಿದೆ. ಕೆಲವರು ಏಜೆಂಟ್‌ಗೆ ದುಡ್ಡು ಕೊಟ್ಟಿದ್ದಾರಂತೆ. ಎಷ್ಟು ಅಂತ ಹೇಳಲು ಹೆದರುತ್ತಾರೆ.

ಉತ್ತರ: ಹೆದರದೇ ಇರುತ್ತಾರಾ, ವಾರ್ಡನ್ ಪಕ್ಕದಲ್ಲೇ ನಿಂತಿದ್ದರೆ! ಹೊರಗಿನಿಂದ ಒಡಿಯಾ, ಹಿಂದಿ ಬಲ್ಲ ಹೆಣ್ಣುಮಗಳನ್ನು ಕರೆಸಿ. ಒಬ್ಬೊಬ್ಬರನ್ನೇ, ಕ್ಯಾಂಪಸ್ ಹೊರಗೆ ಮಾತಾಡಿಸಲಿ. ರಸೀದಿ ಕೇಳಬೇಡಿ, ಯಾರ ಹತ್ತಿರವೂ ಇರುವುದಿಲ್ಲ. ಒಂದೇ ಊರಿನ ನಾಲ್ಕು ಜನ ಹೇಳಿದ ಮೊತ್ತ ಹೊಂದಿದರೆ ಸಾಕು. ಆ ದುಡ್ಡನ್ನು ಕಂಪನಿಯೇ ಅವರ ಖಾತೆಗೆ ಹಾಕಬೇಕು. ಕೆಲಸಕ್ಕೆ ತರಿಸಿಕೊಂಡ ಖರ್ಚು ಮಾಲೀಕರದ್ದು, ಹುಡುಗಿಯರದ್ದಲ್ಲ. ಏಜೆಂಟ್ ಕಡೆಯಿಂದ ವಸೂಲಿ ನೀವು ಆಮೇಲೆ ಮಾಡಿಕೊಳ್ಳಿ. ಇಷ್ಟಾದ ಮೇಲೆ ಪ್ರಶ್ನಾವಳಿಗೆ ಬನ್ನಿ. ಅಲ್ಲಿ 'ಇಲ್ಲ' ಅಂತ ಟಿಕ್ ಹಾಕುವ ಬದಲು ಏನು ಕಂಡಿರಿ, ಎಷ್ಟು ಜನಕ್ಕೆ ಎಷ್ಟು ವಾಪಸ್ ಕೊಟ್ಟಿರಿ ಅಂತ ಬರೆಯಿರಿ.