ನುಡಿ ತಂತ್ರಾಂಶದಲ್ಲಿ ಬರೆದ ಛಂದಸ್ಸಿನ ಟಿಪ್ಪಣಿ ಮತ್ತು ಪಾಠದ ವಿಡಿಯೊ: ಇಬ್ಬರು ವಿದ್ಯಾರ್ಥಿಗಳಿಗೆ ತಲುಪಿಸುವುದು ಹೇಗೆ?

ಪ್ರಶ್ನೆ (ಕನ್ನಡ ಉಪನ್ಯಾಸಕಿ)

ಮಾನ್ಯರೇ, ನಾನು ಪದವಿ ತರಗತಿಗಳಿಗೆ ಹಳಗನ್ನಡ ಕಾವ್ಯ ಮತ್ತು ಛಂದಸ್ಸನ್ನು ಬೋಧಿಸುತ್ತೇನೆ. ಈ ವರ್ಷ ದೃಷ್ಟಿಯಿಲ್ಲದ ಒಬ್ಬ ವಿದ್ಯಾರ್ಥಿನಿಯೂ ಕಿವಿ ಕೇಳಿಸದ ಒಬ್ಬ ವಿದ್ಯಾರ್ಥಿಯೂ ನನ್ನ ತರಗತಿಗೆ ಸೇರಿದ್ದಾರೆ. ಹದಿನೈದು ವರ್ಷಗಳಿಂದ ನುಡಿಯಲ್ಲಿ ಬೆರಳಚ್ಚು ಮಾಡಿಟ್ಟ ಟಿಪ್ಪಣಿಗಳನ್ನು ಪಿಡಿಎಫ್ ಮಾಡಿ ಕೊಟ್ಟೆ. ಆಕೆಯ ಕಂಪ್ಯೂಟರಿನಲ್ಲಿರುವ, ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಎನ್‌ವಿಡಿಎ ಅವನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದಿತು. ಪಠ್ಯಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಕೊಟ್ಟಾಗ ಅಷ್ಟೂ ಕೇಳಿಸಲಿಲ್ಲ. ಆ ಹುಡುಗನಿಗೆ ನನ್ನ ವಿಡಿಯೊಗಳಲ್ಲಿ ತುಟಿಗಳ ಚಲನೆಯ ಹೊರತು ಏನೂ ದೊರೆಯುತ್ತಿಲ್ಲ. ಪರೀಕ್ಷೆಗೆ ಮೂರು ತಿಂಗಳಿದೆ. ಎಲ್ಲಿಂದ ಆರಂಭಿಸಲಿ? ಪುಸ್ತಕವನ್ನು ಬೇರೆ ರೂಪಕ್ಕೆ ತಂದುಕೊಡಲು ಪ್ರಕಾಶಕರ ಅನುಮತಿ ಬೇಕೇ?

ಉತ್ತರ 1 (ಸ್ಕ್ರೀನ್ ರೀಡರ್ ಬಳಸುವ ಓದುಗ)

ಮೇಡಂ, ದೋಷ ಎನ್‌ವಿಡಿಎಯದಲ್ಲ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವ ಆಕಾರ ಮಾತ್ರ ಕನ್ನಡದ್ದು. ಕಡತದೊಳಗೆ ಉಳಿಯುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ನಮ್ಮ ತಂತ್ರಾಂಶ ಆಕಾರವನ್ನು ನೋಡುವುದಿಲ್ಲ, ಸಂಕೇತವನ್ನು ಓದುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ವ್ಯವಸ್ಥೆಗೆ, ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಹಾಗೂ ನಡುವೆ ಬಂದಿದ್ದ ಇಂಗ್ಲಿಷ್ ಪದಗಳನ್ನು ತಪ್ಪದೆ ಕಣ್ಣಾಡಿಸಿ ತಿದ್ದಿ, ಏಕೆಂದರೆ ಪರಿವರ್ತಕಗಳು ಹೆಚ್ಚಾಗಿ ಎಡವುವುದು ಅಲ್ಲಿಯೇ.

ಶೀರ್ಷಿಕೆಗಳನ್ನು ದಪ್ಪ ಅಕ್ಷರ ಮಾಡಿ ಬಿಡದೆ ವರ್ಡ್‌ನ ಹೆಡಿಂಗ್ ಶೈಲಿಯಲ್ಲಿಯೇ ಇಡಿ. ಎಚ್ ಕೀಲಿಯನ್ನು ಒತ್ತುತ್ತ ನಾವು ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಹೋಗುವುದು ಅದರ ಆಧಾರದಿಂದ. ಯೂನಿಕೋಡ್ ಕನ್ನಡವೂ ಪಿಡಿಎಫ್ ಆದಾಗ ಕೆಲವೊಮ್ಮೆ ಅಕ್ಷರಗಳು ಹಿಂದುಮುಂದಾಗುತ್ತವೆಯಾದ್ದರಿಂದ, ವರ್ಡ್ ಕಡತವನ್ನೇ ಕೊಟ್ಟರೆ ನನ್ನಂಥವರಿಗೆ ಹೆಚ್ಚು ಅನುಕೂಲ. ಸ್ಕ್ಯಾನ್ ಮಾಡಿದ ಪುಟ ಕೇವಲ ಚಿತ್ರ. ಅದನ್ನು ಒಸಿಆರ್ ಮಾಡಿ (ಚಿತ್ರದಲ್ಲಿರುವ ಅಕ್ಷರಗಳನ್ನು ತಂತ್ರಾಂಶದಿಂದ ಪಠ್ಯವಾಗಿಸಿ), ಮೂಲದೊಂದಿಗೆ ಹೋಲಿಸಿ ತಿದ್ದಲೇಬೇಕು. ಹಳಗನ್ನಡದ ಱ, ೞ ಅಕ್ಷರಗಳ ಕಡೆಗೆ ವಿಶೇಷ ಗಮನವಿರಲಿ.

ಉತ್ತರ 2 (ವಿಡಿಯೊಗಳಿಗೆ ಕ್ಯಾಪ್ಶನ್ ಬರೆಯುವವರು)

ಮೊದಲು ಆ ವಿದ್ಯಾರ್ಥಿಯನ್ನೇ ಕೇಳಿ: ಅವರ ಮೊದಲ ಭಾಷೆ ಸಂಜ್ಞೆಯೋ, ಬರೆದ ಕನ್ನಡವೋ? ಸಂಜ್ಞೆಯಾದರೆ ಹಳಗನ್ನಡದ ಕ್ಯಾಪ್ಶನ್ ಅವರಿಗೆ ಇನ್ನೊಂದು ಗೋಡೆಯಾಗಬಹುದು, ಸಂಜ್ಞಾ ಭಾಷೆಯ ದುಭಾಷಿಯ ನೆರವು ಬೇಕಾಗುತ್ತದೆ. ಓದಬಲ್ಲವರಾದರೆ ಪದ್ಯವನ್ನೂ ಅದರ ಹೊಸಗನ್ನಡದ ಅರ್ಥವನ್ನೂ ಬೇರೆಬೇರೆಯಾಗಿ, ಒಮ್ಮೆಗೆ ಎರಡು ಸಾಲು ಮೀರದಂತೆ ಕೊಡಿ. ಯಂತ್ರ ತಾನಾಗಿ ಬರೆದ ಕ್ಯಾಪ್ಶನ್ ಅನ್ನು ಪಂಪನ ಪದ್ಯಕ್ಕೆ ತಿದ್ದದೆ ಬಿಡುವುದು ಸರಿಯಲ್ಲ.

ವಿದ್ಯಾರ್ಥಿನಿಗೂ ವಿಡಿಯೊ ತಲುಪಬೇಕಲ್ಲವೇ? ಹಲಗೆಯ ಮೇಲೆ ಬರೆಯುವುದನ್ನೆಲ್ಲ ಬಾಯಿಬಿಟ್ಟು ಹೇಳಿ. "ಇಲ್ಲಿ ನೋಡಿ" ಎಂಬ ಮಾತಿನಿಂದ ಆಕೆಗೆ ಏನೂ ತಿಳಿಯದು.

ಉತ್ತರ 3 (ವಕೀಲರು)

ಅನುಮತಿ ಬೇಡ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅಂಗವಿಕಲ ಓದುಗರ ಉಪಯೋಗಕ್ಕಾಗಿ, ಲಾಭದ ಉದ್ದೇಶವಿಲ್ಲದೆ ಕೃತಿಯನ್ನು ಅವರು ಓದಬಲ್ಲ ರೂಪಕ್ಕೆ ತರಬಹುದು. ಪ್ರತಿ ಇತರರ ಕೈಗೆ ಹೋಗದಂತೆ ನೋಡಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೆಯ ಕಲಮು ಧ್ವನಿ, ಮುದ್ರಣ ಮತ್ತು ವಿದ್ಯುನ್ಮಾನ ಮಾಧ್ಯಮಗಳ ವಿಷಯವೆಲ್ಲ ಇಂಥವರಿಗೆ ದೊರೆಯುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಕಾಲೇಜಿನ ನೆರವನ್ನು ನೀವು ಲಿಖಿತವಾಗಿಯೇ ಕೇಳಿ. ಇಷ್ಟೆಲ್ಲ ಒಬ್ಬ ಉಪನ್ಯಾಸಕಿಯ ರಾತ್ರಿಗಳ ಮೇಲೆ ಬೀಳಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಒಂದು ತೊಡಕು ಉಳಿದಿದೆ. ಪ್ರಸ್ತಾರದಲ್ಲಿ ಲಘು-ಗುರುಗಳ ಗೆರೆಗಳನ್ನು ಅಕ್ಷರಗಳ ನೆತ್ತಿಯ ಮೇಲೆ ಹಾಕುತ್ತೇವೆ. ಅದನ್ನು ಕೇಳಿ ತಿಳಿಯುವಂತೆ ಮಾಡುವುದು ಹೇಗೆ?

ಉತ್ತರ 1ರ ಓದುಗ

ಗೆರೆಗಳನ್ನು ಬಿಟ್ಟು ಪದಗಳಲ್ಲಿ ಬರೆಯಿರಿ. ಉತ್ಪಲಮಾಲೆ ವೃತ್ತಕ್ಕೆ ಗಣಗಳ ಹೆಸರಿನಿಂದ "ಭ, ರ, ನ, ಭ, ಭ, ರ, ಲಘು, ಗುರು" ಎಂದು ಒಂದೇ ಸಾಲು ಸಾಕು. ಕಂದ ಪದ್ಯಕ್ಕೆ ಗಣಕ್ಕೊಂದು ಸಾಲು ಕೊಟ್ಟು, ಅದರ ಅಕ್ಷರಗಳನ್ನೂ "ಲಘು, ಲಘು, ಗುರು" ಎಂಬಂತೆ ಅವುಗಳ ಮಾತ್ರೆಗಳನ್ನೂ ಬರೆಯಿರಿ. ಒಂದು ಪದ್ಯವನ್ನು ಹೀಗೆ ಸಿದ್ಧಪಡಿಸಿ ಆಕೆಗೆ ಕೊಟ್ಟು, ಕೇಳಿ ಗಣ ವಿಂಗಡಿಸಲು ಹೇಳಿ. ಉಳಿದವನ್ನು ಆಕೆ ಸೂಚಿಸಿದಂತೆ ತಿದ್ದಿಕೊಳ್ಳಿ.