ಸಹಾಯ ಬೇಕು: ಯಾವ ಬ್ಯಾಕ್ಟೀರಿಯಾ ಯಾವ ಗುಂಪಿಗೆ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ರೋಗ ತರುವ ಬ್ಯಾಕ್ಟೀರಿಯಾಗಳ ಚಾರ್ಟ್ ಮಾಡುತ್ತಿದ್ದೇನೆ. ಗ್ರಾಂ ಸ್ಟೇನ್ (ಕೋಶಗೋಡೆಗೆ ತಕ್ಕಂತೆ ಬ್ಯಾಕ್ಟೀರಿಯಾ ನೇರಳೆ ಅಥವಾ ಗುಲಾಬಿಯಾಗಿ ಕಾಣುವ ಬಣ್ಣದ ಪರೀಕ್ಷೆ) ಪ್ರಕಾರ ವಿಂಗಡಿಸುವುದು ಸುಲಭ. ಕುರು, ಕೀವಿನ ಸ್ಟ್ಯಾಫಿಲೊಕಾಕಸ್ ನೇರಳೆ ಗುಂಪಿಗೆ. ಟೈಫಾಯ್ಡ್‌ನ ಸಾಲ್ಮೊನೆಲ್ಲಾ, ಕಾಲರಾದ ವಿಬ್ರಿಯೊ ಗುಲಾಬಿ ಗುಂಪಿಗೆ.

ತೊಡಕಿರುವುದು ಉಳಿದವುಗಳಲ್ಲಿ. ಕ್ಷಯದ ಬ್ಯಾಕ್ಟೀರಿಯಾದ ಗೋಡೆಯಲ್ಲಿ ಮೇಣದಂಥ ಕೊಬ್ಬು ಜಾಸ್ತಿ. ಗ್ರಾಂ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಜೀಲ್-ನೀಲ್ಸನ್ ಎಂಬ ಬೇರೆ ಬಣ್ಣ ಹಾಕುವ ವಿಧಾನ ಬೇಕು. ಒಂದು ಬಗೆಯ ನ್ಯುಮೋನಿಯಾ ತರುವ ಮೈಕೊಪ್ಲಾಸ್ಮಾಗೆ ಕೋಶಗೋಡೆಯೇ ಇಲ್ಲ, ಹಾಗಾಗಿ ಗೋಡೆಗೇ ಹೊಡೆಯುವ ಪೆನಿಸಿಲಿನ್‌ಗೆ ಬಗ್ಗುವುದಿಲ್ಲ. ಇಲಿ ಜ್ವರದ ಲೆಪ್ಟೊಸ್ಪೈರಾ ತುಂಬಾ ತೆಳು, ಸುರುಳಿ ಸುರುಳಿ. ಗ್ರಾಂ ಸ್ಟೇನ್‌ನಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಇವನ್ನೆಲ್ಲ ಸುಮ್ನೆ 'ಇತರೆ' ಅಂತ ಮೂಲೆಗೆ ಹಾಕಲು ಮನಸ್ಸಿಲ್ಲ. ಮಳೆಗಾಲದಲ್ಲಿ ಗದ್ದೆ ನೀರಿಗೆ ಬರಿಗಾಲಲ್ಲಿ ಇಳಿಯುವ ಕರಾವಳಿ, ಮಲೆನಾಡಿನ ಮಕ್ಕಳಿಗೆ ಇಲಿ ಜ್ವರ ಗೊತ್ತಿರಲೇಬೇಕು ಅಲ್ವಾ?

ಮೈಕ್ರೋಬಯಾಲಜಿ ಓದಿದವರು, ಲ್ಯಾಬ್ ಟೆಕ್ನಿಷಿಯನ್‌ಗಳು ಯಾರಾದರೂ ಇದ್ದೀರಾ? ಈ ಮೂರನ್ನು ಕೋಶಗೋಡೆ ನೋಡಿ ಜೋಡಿಸಲೇ, ಹರಡುವ ದಾರಿ ನೋಡಿ ಜೋಡಿಸಲೇ? ಲೆಪ್ಟೊಸ್ಪೈರಾದ ಡಾರ್ಕ್ ಫೀಲ್ಡ್ (ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವಂತೆ ತೋರಿಸುವ ಮೈಕ್ರೋಸ್ಕೋಪ್) ಫೋಟೊ ನೀವೇ ತೆಗೆದದ್ದಿದ್ದರೆ ದಯವಿಟ್ಟು ಹಾಕಿ. ಚಾರ್ಟ್ ಮುಗಿದ ಮೇಲೆ ಇಲ್ಲೇ ಹಂಚುತ್ತೇನೆ, ಯಾವ ಕಾಲೇಜಿನವರು ಬೇಕಾದರೂ ಬಳಸಬಹುದು.