ಕದ್ರಿಯ ಲೋಕೇಶ್ವರ ಮೂರ್ತಿ ಮೂಲತಃ ಬೌದ್ಧರದ್ದೇ?

ಪ್ರಶ್ನೆ:
ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದ ಗರ್ಭಗುಡಿಯಲ್ಲಿ ಪೂಜೆಗೊಳ್ಳುವುದು ಶಿವಲಿಂಗ. ಆದರೆ ಅದೇ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ ಬೌದ್ಧರದ್ದೆಂದು ಕೆಲವರೂ ಶೈವರದ್ದೆಂದು ಇನ್ನು ಕೆಲವರೂ ವಾದಿಸುತ್ತಾರೆ. ಶಾಸನದ ಆಧಾರವೇನಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಆಧಾರ ಮೂರ್ತಿಯ ಪೀಠದಲ್ಲೇ ಇದೆ. ದಕ್ಷಿಣ ಭಾರತದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿಯಲ್ಲಿ ಕೆತ್ತಿರುವ ಆ ಸಂಸ್ಕೃತ ಶಾಸನದ ಪ್ರಕಾರ ಕಲಿವರ್ಷ 4068ರಲ್ಲಿ, ಎಂದರೆ ಕ್ರಿ.ಶ. 968ರಲ್ಲಿ, ತುಳುನಾಡನ್ನು ಆಳುತ್ತಿದ್ದ ಆಳುಪ ವಂಶದ ಅರಸನಾದ ಕುಂದವರ್ಮನು ‘ಕದರಿಕಾ ವಿಹಾರ’ದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನು. ಸ್ಥಳವನ್ನು ವಿಹಾರವೆಂದೇ, ಎಂದರೆ ಬೌದ್ಧ ಭಿಕ್ಷುಗಳ ವಸತಿಯೆಂದೇ, ಕರೆದಿರುವುದು ಗಮನಾರ್ಹ. ಸುಮಾರು 5 ಅಡಿ ಎತ್ತರದ ಈ ಮೂರ್ತಿಗೆ ಮೂರು ಮುಖ, ಆರು ಕೈಗಳಿವೆ. ಕಿರೀಟವನ್ನು ದಿಟ್ಟಿಸಿ ನೋಡಿದರೆ ಧ್ಯಾನಾಸನದಲ್ಲಿ ಕುಳಿತ ಪುಟ್ಟದೊಂದು ಬುದ್ಧನ ಆಕೃತಿ ಕಾಣುತ್ತದೆ. ಅದು ಅಮಿತಾಭನೆಂಬ ಬುದ್ಧನದು, ಬೌದ್ಧರು ಲೋಕೇಶ್ವರನೆಂದೂ ಕರೆಯುವ ಕರುಣಾಮೂರ್ತಿ ಬೋಧಿಸತ್ತ್ವ ಅವಲೋಕಿತೇಶ್ವರನನ್ನು ಗುರುತಿಸುವ ಮುಖ್ಯ ಲಕ್ಷಣವೇ ಅದು. ಮಂಜೇಶ್ವರದ ಗೋವಿಂದ ಪೈಗಳು ಕದ್ರಿಯನ್ನು ಬೌದ್ಧ ಕ್ಷೇತ್ರವೆಂದು ಬಲವಾಗಿ ಪ್ರತಿಪಾದಿಸಿದ್ದರು. ನನಗೂ ಆ ವಾದವೇ ಸರಿಯೆನಿಸುತ್ತದೆ.

ಉತ್ತರ 2:
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅದೇ ಶಾಸನದ ಇನ್ನೊಂದು ಮಾತನ್ನು ಬಿಟ್ಟುಬಿಡಬಾರದು. ಕುಂದವರ್ಮನನ್ನು ಅದು ಬಾಲಚಂದ್ರನನ್ನು ಮುಡಿದವನ ಪಾದಕಮಲದಲ್ಲಿ ಎರಗಿದ ದುಂಬಿ ಎಂದು ವರ್ಣಿಸುತ್ತದೆ. ಎಂದರೆ ಅರಸನು ಶಿವಭಕ್ತ. ಶಿವಭಕ್ತನೊಬ್ಬನು ವಿಹಾರದಲ್ಲಿ ಲೋಕೇಶ್ವರನನ್ನು ನಿಲ್ಲಿಸಿದನೆಂದರೆ, ಹತ್ತನೆಯ ಶತಮಾನದ ಕದ್ರಿಯಲ್ಲಿ ಎರಡೂ ಪಂಥಗಳು ಒಂದರೊಳಗೊಂದು ಬೆರೆಯತೊಡಗಿದ್ದವೆಂದೇ ನಾನು ತಿಳಿಯುತ್ತೇನೆ. ಒಬ್ಬರು ಇನ್ನೊಬ್ಬರಿಂದ ಕಿತ್ತುಕೊಂಡರೆಂಬ ಕಥೆಗೆ ಈ ಶಾಸನದಲ್ಲಿ ಎಡೆಯಿಲ್ಲ. ತುಳುನಾಡಿನ ಇತಿಹಾಸವನ್ನು ಆಳವಾಗಿ ಶೋಧಿಸಿದ ಪಾದೂರು ಗುರುರಾಜ ಭಟ್ಟರು ಈ ಮೂರ್ತಿಯನ್ನು ಶಿವನನ್ನು ಆದಿಗುರುವೆಂದು ನಂಬುವ ಯೋಗಿಗಳ ನಾಥ ಪಂಥದ ಹಿನ್ನೆಲೆಯಲ್ಲಿ ನೋಡಿದ್ದರು.

ಉತ್ತರ 3:
ನಾಥರ ವಿಷಯ ಬಂದದ್ದು ಒಳ್ಳೆಯದಾಯಿತು. ದೇವಸ್ಥಾನದ ಮೇಲ್ಭಾಗದ ಗುಡ್ಡದಲ್ಲಿ ಇಂದಿಗೂ ನಾಥ ಯೋಗಿಗಳ ಜೋಗಿ ಮಠವಿದೆ. ಅದರ ಪೀಠಾಧಿಪತಿ 12 ವರ್ಷಗಳಿಗೊಮ್ಮೆ ಬದಲಾಗುತ್ತಾರೆ. ಹೊಸಬರು ನಾಸಿಕದ ಕುಂಭಮೇಳದಿಂದ ಯೋಗಿಗಳ ತಂಡದೊಡನೆ ಕಾಲ್ನಡಿಗೆಯಲ್ಲಿ ಬಂದು ಅಧಿಕಾರ ವಹಿಸಿಕೊಳ್ಳುವುದು ವಾಡಿಕೆ. ನೇಪಾಳದ ಪಾಟನ್ ನಗರದಲ್ಲಿ ನಾಥ ಪಂಥದ ಗುರು ಮತ್ಸ್ಯೇಂದ್ರನಾಥನನ್ನೂ ಅವಲೋಕಿತೇಶ್ವರನನ್ನೂ ಒಬ್ಬನೇ ದೇವರೆಂದು ಪೂಜಿಸಿ ರಥ ಎಳೆಯುವುದನ್ನು ಇದರ ಜೊತೆಗಿಟ್ಟು ನೋಡಿದರೆ, ವಿಹಾರದ ಲೋಕೇಶ್ವರನನ್ನು ಇಲ್ಲಿನ ನಾಥ ಯೋಗಿಗಳು ತಮ್ಮವನೆಂದು ಉಳಿಸಿಕೊಂಡಿರಬಹುದೆಂಬ ಊಹೆಗೆ ಪುಷ್ಟಿ ಸಿಗುತ್ತದೆ. ಪ್ರಶ್ನೆ ಕೇಳಿದವರು ಕದ್ರಿಗೆ ಹೋದಾಗ ಲೋಕೇಶ್ವರನ ಜೊತೆಗಿರುವ ಉಳಿದ ಕಂಚಿನ ಮೂರ್ತಿಗಳನ್ನೂ ತಪ್ಪದೆ ನೋಡಬೇಕು. ಅವುಗಳಲ್ಲೊಂದನ್ನು ವಿದ್ವಾಂಸರು ಬುದ್ಧನೆಂದು ಗುರುತಿಸಿದ್ದಾರೆ.